ಅದರಾಗೇನೈತಿ, ತಗೋರಿ

ಹೋದ ತಿಂಗಳು ನನ್ನ ಹಳೆಯ ಗೆಳತಿ ನಿವೃತ್ತಳಾದಳು. ಬೀಳ್ಕೊಡುಗೆಯ ಸಮಾರಂಭದಲ್ಲಿ ಮೈಕು ಹಿಡಿದವರೆಲ್ಲ ಅವಳನ್ನು ಮೃದು ಸ್ವಭಾವದವರು, ಮಿತಭಾಷಿ, ಎಲೆಮರೆಯ ಕಾಯಿ ಎಂದು ಹೊಗಳಿದ್ದೇ ಹೊಗಳಿದ್ದು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಮೃದುವಂತೆ, ಮಿತಭಾಷಿಯಂತೆ. ಬೈಲಹೊಂಗಲದ ಕಾಯಿಪಲ್ಲೆ ಸಂತೆಯಲ್ಲಿ ಇವಳು ದೂರದಿಂದ ಬರುವುದು ಕಂಡರೆ ಸಾಕು, ಬದನೆಕಾಯಿ ಮಾರುವ ಮುದುಕಿ 'ಬಂತು ನೋಡ ಮಾರಿ' ಎಂದು ಗೊಣಗುತ್ತ ತಕ್ಕಡಿಯ ಹಗ್ಗ ಸರಿಮಾಡಿಕೊಳ್ಳುತ್ತಿದ್ದಳು. ಇದನ್ನು ಆ ಭಾಷಣಕಾರರಿಗೆ ಯಾರು ಹೇಳಬೇಕು?

ನನಗೂ ಎರಡು ಮಾತು ಆಡಿ ಎಂದರು. ವೇದಿಕೆ ಹತ್ತಿದೆ, ಏನೋ ಒಂದಿಷ್ಟು ಹೇಳಿ ಇಳಿದು ಬಂದೆ. ಜೀವನವಿಡೀ ಮಕ್ಕಳಿಗೆ ಕನ್ನಡ ಕಲಿಸಿದವಳಿಗೆ ಅವತ್ತು ಕನ್ನಡವೇ ಕೈಕೊಟ್ಟಿತು. ಅಲ್ಲಿ ಬಾರದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಕಿತ್ತೂರಿನ ತನಕ ಬಂದು ನನ್ನ ಜೊತೆ ಜಗಳ ತೆಗೆಯುವವಳು ಅವಳು.

ತೊಂಬತ್ತರ ದಶಕದ ಮಾತು. ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಕೆಲಸಕ್ಕಿದ್ದೆ. ಕಿತ್ತೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅದೇ ಶಾಲೆಗೆ ಇವಳು ವಿಜ್ಞಾನ ಕಲಿಸಲು ಹಂಗಾಮಿ ಶಿಕ್ಷಕಿಯಾಗಿ ಬಂದಳು. ರಾಮದುರ್ಗದವಳು. ಉದ್ದಕ್ಕೆ, ತೆಳ್ಳಗೆ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಡುವ ಹಾಗೆ ನಡೆಯುವ ಹುಡುಗಿ. ಮೊದಲ ದಿನವೇ ಹೆಡ್‌ಮಾಸ್ತರರ ಎದುರು ಬಸಿಯಲ್ಲಿ ಚಹಾ ಸುರುವಿಕೊಂಡು ಊದಿ ಊದಿ ಸೊರ್ರೆಂದು ಕುಡಿದಳು. ಸ್ಟಾಫ್ ರೂಮಿನಲ್ಲಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಬಸಿ ಕೆಳಗಿಟ್ಟು, ಸಕ್ಕರೆ ಕಡಿಮೆಯಾಗಿದೆ ಎಂದು ಚಹಾ ತಂದ ಸಿಪಾಯಿಗೆ ಹೇಳಿದಳು. ನನಗೆ ಆ ಕ್ಷಣವೇ ಇಷ್ಟವಾದಳು.

ಅವಳ ಬಾಯಲ್ಲಿ ಒಂದು ಮಾತಿತ್ತು, 'ತಗೋರಿ'. ನಮ್ಮ ಕಡೆ ಎಲ್ಲರೂ ಆಡುವ ಮಾತೇ ಇದು. 'ಆತು ತಗೋರಿ', 'ಹೌದು ತಗೋರಿ', 'ಬರತಾನ ತಗೋರಿ' ಎನ್ನುತ್ತೇವೆ. ಹಾಗೆಂದಾಗ ಯಾರೂ ಯಾರಿಗೂ ಏನೂ ಕೊಡುವುದಿಲ್ಲ, ಯಾರೂ ಏನೂ ತೆಗೆದುಕೊಳ್ಳುವುದಿಲ್ಲ. ಮಾತಿಗೆ ಒಂದು ಗಟ್ಟಿತನ ಬರಲಿ, ಕೇಳುವವರಿಗೆ ಧೈರ್ಯವಾಗಲಿ ಎಂದು ಕೊನೆಗೆ ಸೇರಿಸುತ್ತೇವೆ ಅಷ್ಟೆ. ನಾವು ಅಲ್ಲೊಂದು ಇಲ್ಲೊಂದು ಸೇರಿಸಿದರೆ ಇವಳಿಗೆ ಅದಿಲ್ಲದೆ ಮಾತೇ ಮುಗಿಯುತ್ತಿರಲಿಲ್ಲ. ಸನ್ನೆಗೋಲಿನ ಪಾಠ ಮಾಡಿ ಕೊನೆಗೆ 'ಇಷ್ಟ ಐತಿ ತಗೋರಿ' ಎಂದೇ ಪುಸ್ತಕ ಮುಚ್ಚುವಳು. ಹುಡುಗರು ಅವಳಿಗೆ ತಗೋರಿ ಟೀಚರ್ ಎಂದು ಹೆಸರಿಟ್ಟರು. ಅವಳಿಗೆ ಅದು ಗೊತ್ತಿತ್ತು, ಬೇಜಾರೂ ಇರಲಿಲ್ಲ.

ಇನ್ನೊಂದು ಅಭ್ಯಾಸ ಹೇಳಬೇಕು. ಪರೀಕ್ಷೆಗೆ ಮುಂಚೆ ಅವಳು ಬೋರ್ಡಿನ ಮೇಲೆ ಯಾವುದಕ್ಕೆ ಎಷ್ಟು ಅಂಕ ಎಂದು ಬರೆದು ತೋರಿಸುವಳು. ಚಿತ್ರಕ್ಕೆ ಇಷ್ಟು, ಹೆಸರು ಗುರುತಿಸಿದ್ದಕ್ಕೆ ಇಷ್ಟು, ಸೂತ್ರಕ್ಕೆ ಇಷ್ಟು. ಇದನ್ನು ಅವಳು 'ಖಾಲಿ ತಕ್ಕಡಿ ತೋರಿಸೂದು' ಎನ್ನುತ್ತಿದ್ದಳು. ರಾಮದುರ್ಗದ ಪೇಟೆಯಲ್ಲಿ ಅವಳ ಅಪ್ಪನದು ಕಿರಾಣಿ ಅಂಗಡಿ. ಗಿರಾಕಿ ಯಾರೇ ಬರಲಿ, ಬೆಲ್ಲವೋ ಬೇಳೆಯೋ ತೂಗುವ ಮೊದಲು ಖಾಲಿ ತಕ್ಕಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎರಡೂ ತಟ್ಟೆ ಸರಿ ನಿಂತದ್ದನ್ನು ತೋರಿಸಿಯೇ ಅವರು ಕಲ್ಲು ಇಡುತ್ತಿದ್ದರು. ನಾಕಾಣೆಯ ಸಕ್ಕರೆಗೆ ಬಂದ ಮಗುವಿಗೂ ಅದೇ ಮರ್ಯಾದೆ. ತೂಕದ ಬಟ್ಟಿಗೆ ನಾವು ಕಲ್ಲು ಎನ್ನುತ್ತೇವೆ, ಕಬ್ಬಿಣದ್ದಾದರೂ ಅದು ಕಲ್ಲೇ. ಆ ಅಂಗಡಿಯ ಗಾದಿಯ ಪಕ್ಕದಲ್ಲಿ ಕೂತು ಬೆಳೆದವಳು ಇವಳು. ಸಂತೆಯಲ್ಲಿ ಬದನೆಕಾಯಿ ಮುದುಕಿಯನ್ನು ಕಾಡುತ್ತಿದ್ದದ್ದೂ ಇದಕ್ಕೇ, ಮೊದಲು ಖಾಲಿ ತಕ್ಕಡಿ ಎತ್ತು ಎಂದು.

ಒಮ್ಮೆ ಉತ್ತರಪತ್ರಿಕೆ ತಿದ್ದುವಾಗ ಹೆಡ್‌ಮಾಸ್ತರರು ಬಂದು, ಅಕ್ಷರ ಕೆಟ್ಟದಾಗಿ ಬರೆದವರಿಗೆಲ್ಲ ಅಂಕ ಕಡಿಯಿರಿ ಎಂದರು. ಇವಳು ಆಗುವುದಿಲ್ಲ ಎಂದಳು. ಮೊದಲೇ ಹೇಳಿದ್ದರೆ ಹುಡುಗರು ಚಂದ ಬರೆಯುತ್ತಿದ್ದರು, ಬರೆದು ಮುಗಿಸಿದ ಮೇಲೆ ಹೇಳಿದರೆ ಅವರು ಏನು ಮಾಡಬೇಕು ಎಂದು ಕೇಳಿದಳು. ಮುಂದಿನ ಪರೀಕ್ಷೆಗೆ ಬೇಕಾದರೆ ಬೋರ್ಡಿನ ಮೇಲೆ ಬರೆಯುತ್ತೇನೆ ಎಂದೂ ಹೇಳಿದಳು. ಹಂಗಾಮಿ ಕೆಲಸದವಳ ಬಾಯಲ್ಲಿ ಇದನ್ನು ಕೇಳಿ ಹೆಡ್‌ಮಾಸ್ತರರ ಮುಖ ಕೆಂಪಾಯಿತು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ನನ್ನ ಕಾಲನ್ನು ತಿರುಗಿ ತುಳಿದಳು.

ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಹುದ್ದೆಗೆ ಅರ್ಜಿ ಕರೆದದ್ದು ಆ ಹೊತ್ತಿನಲ್ಲೇ. ಅಂಗಡಿ, ಸಂತೆ, ಹತ್ತಿ ಮಾರ್ಕೆಟ್ಟು ತಿರುಗಿ ತಕ್ಕಡಿ, ಕಲ್ಲು ಪರೀಕ್ಷೆ ಮಾಡಿ ಮುದ್ರೆ ಒತ್ತುವ ಕೆಲಸ. ಆ ಕೆಲಸ ಇವಳಿಗಾಗಿಯೇ ಹುಟ್ಟಿದ್ದು ಎಂದು ನನಗನ್ನಿಸಿತು. ಜಾಹೀರಾತಿನಲ್ಲಿ ಲಿಖಿತ ಪರೀಕ್ಷೆಗೆ ಇಷ್ಟು ಅಂಕ, ಸಂದರ್ಶನಕ್ಕೆ ಇಷ್ಟು, ಎರಡನ್ನೂ ಕೂಡಿಸಿ ಬಂದ ಮೊತ್ತದ ಮೇಲೆ ಆಯ್ಕೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅವಳು ಅದನ್ನು ಎರಡು ಸಲ ಓದಿ, ಖಾಲಿ ತಕ್ಕಡಿ ಸರಿ ಇದೆ ಎಂದು ಅರ್ಜಿ ಹಾಕಿದಳು. ಲಿಖಿತ ಪರೀಕ್ಷೆಯ ಫಲಿತಾಂಶ ಬಂದಾಗ ಅವಳ ಅಂಕ ನೋಡಿ ಸ್ಟಾಫ್ ರೂಮಿಗೆಲ್ಲ ನಾನೇ ಪೇಢೆ ಹಂಚಿದೆ.

ಸಂದರ್ಶನ ಬೆಂಗಳೂರಿನಲ್ಲಿ. ಅಲ್ಲಿ ಇಂಥ ಭಾಷೆ ನಡೆಯುವುದಿಲ್ಲ, ಪುಸ್ತಕದ ಹಾಗೆ ಮಾತಾಡಬೇಕು ಎಂದು ನಾನು ಅವಳಿಗೆ ತಾಲೀಮು ಕೊಡಲು ಕೂತೆ. ದೇವರೇ, ಆ ಪಾಡು ಯಾರಿಗೂ ಬೇಡ. 'ಐತಿ' ಬಿಟ್ಟು 'ಇದೆ' ಎನ್ನುವಷ್ಟರಲ್ಲಿ ಅವಳ ಬೆವರಿಳಿಯುತ್ತಿತ್ತು. 'ತಗೋರಿ' ಎನ್ನಬೇಡ ಎಂದರೆ 'ತೆಗೆದುಕೊಳ್ಳಿರಿ' ಎನ್ನುವಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಗೆ ನಾನೇ ಕೈಬಿಟ್ಟೆ.

ಸಂದರ್ಶನ ಮುಗಿಸಿ ಬಂದವಳು ಬಸ್ ನಿಲ್ದಾಣದಿಂದ ನೇರ ಶಾಲೆಗೆ ಬಂದು ನನ್ನ ಎದುರು ಕೂತಳು. ವಿಜ್ಞಾನದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಹೇಳಿದ್ದಳಂತೆ. ಕೊನೆಗೆ ಒಬ್ಬರು, ವ್ಯಾಪಾರಿಯೊಬ್ಬ ನಿಮ್ಮ ಮುಂದೆ ಲಕೋಟೆ ಇಟ್ಟು, ನನ್ನ ಸುಳ್ಳು ಕಲ್ಲು ನೋಡಿದರೂ ನೋಡದ ಹಾಗಿರಿ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಇದೂ ಒಂದು ಪ್ರಶ್ನೆಯೇ ಎಂದು ಇವಳಿಗೆ ನಿರಾಳವಾಯಿತು. ನಿರಾಳವಾದದ್ದೇ ತಪ್ಪಾಯಿತು. ಅಲ್ಲಿಯ ತನಕ ಬಿಗಿ ಹಿಡಿದಿದ್ದ ನಾಲಿಗೆ ರಾಮದುರ್ಗಕ್ಕೆ ವಾಪಸು ಬಂದಿತು.

"ಅದರಾಗೇನೈತಿ, ತಗೋರಿ," ಎಂದಳಂತೆ.

ಅದರಲ್ಲಿ ಕಷ್ಟವೇನಿದೆ, ಕಲ್ಲು ಜಪ್ತಿ ಮಾಡಿ ಲಕೋಟೆ ಸಮೇತ ಅವನನ್ನು ಹೊರಗೆ ಕಳಿಸುತ್ತೇನೆ ಎಂಬುದು ಅವಳ ಪೂರ್ತಿ ಮಾತು. ಅರ್ಧ ಬಾಯಿಂದ ಹೊರಗೆ ಬಂದಿತ್ತು, ಅರ್ಧ ಒಳಗಿತ್ತು. ಅಷ್ಟರಲ್ಲಿ ಆ ಕಡೆ ಕೂತವರು ನಕ್ಕುಬಿಟ್ಟರು. ಅದರಲ್ಲೇನಿದೆ, ತೆಗೆದುಕೊಂಡುಬಿಡುವುದೇ ಎನ್ನುತ್ತೀರಾ ಎಂದು ಒಬ್ಬರು ಕೇಳಿದರು. ಮತ್ತೆ ನಗು. ಇವಳು ತಿದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಾಕು, ನೀವಿನ್ನು ಹೊರಡಿ ಎಂದು ಕಳಿಸಿದರು.

ಕೇಳುತ್ತ ಕೇಳುತ್ತ ನನಗೂ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅವಳು ಮಾತ್ರ ಮೇಜಿನ ಮೇಲೆ ಬೆರಳಿನಿಂದ ಕೂಡುವ ಲೆಕ್ಕ ಮಾಡುತ್ತಿದ್ದಳು. ಸಂದರ್ಶನದಲ್ಲಿ ಎಷ್ಟೇ ಕಡಿಮೆ ಕೊಟ್ಟರೂ ಲಿಖಿತದಲ್ಲಿ ಬಂದದ್ದು ತನ್ನನ್ನು ದಾಟಿಸುತ್ತದೆ ಎಂದಳು. ಲೆಕ್ಕ ಸರಿಯಾಗಿಯೇ ಇತ್ತು.

ಪಟ್ಟಿ ಬಂತು. ಅವಳ ಹೆಸರಿಲ್ಲ. ಅವಳಿಗಿಂತ ಒಟ್ಟು ಅಂಕ ಕಡಿಮೆ ಇದ್ದವರ ಹೆಸರುಗಳಿದ್ದವು. ವಿಚಾರಿಸಿದಾಗ ತಿಳಿಯಿತು, ಸಂದರ್ಶನದಲ್ಲಿ ಇಂತಿಷ್ಟು ಕನಿಷ್ಠ ಅಂಕ ಪಡೆಯದವರನ್ನು, ಒಟ್ಟು ಎಷ್ಟೇ ಇರಲಿ, ಕೈಬಿಡಬೇಕು ಎಂದು ಆಯ್ಕೆ ಮಂಡಳಿ ನಿರ್ಧರಿಸಿತ್ತಂತೆ. ಯಾವಾಗ ನಿರ್ಧರಿಸಿದ್ದು? ಸಂದರ್ಶನಗಳೆಲ್ಲ ಮುಗಿದ ಮೇಲೆ. ಜಾಹೀರಾತಿನಲ್ಲಿ ಆ ಮಾತಿನ ಸುಳಿವೂ ಇರಲಿಲ್ಲ.

ಅವಳ ಅಪ್ಪನಿಗೆ ಪರಿಚಯದ ವಕೀಲರೊಬ್ಬರು ಬೈಲಹೊಂಗಲದಲ್ಲಿದ್ದರು. ಕೋರ್ಟಿನ ಎದುರಿನ ಚಹಾದಂಗಡಿಯ ಮೇಲಿನ ಖೋಲಿಯೇ ಅವರ ಆಫೀಸು. ಅವಳು ಅವರನ್ನು ಕಾಕಾ ಎನ್ನುತ್ತಿದ್ದಳು, ಅವಳಿಂದಾಗಿ ನಾನೂ ಕಾಕಾ ಎಂದೆ. ಕತೆ ಕೇಳಿ ಕಾಕಾ ಖುಷಿಯಾಗಿಬಿಟ್ಟರು. ನಮ್ಮ ಭಾಗದ ಭಾಷೆಗೆ ಅವಮಾನವಾಗಿದೆ, ಇದನ್ನೇ ಹಿಡಿದು ಕೇಸು ಹಾಕೋಣ, ಪೇಪರಿನವರನ್ನೂ ಕರೆಯೋಣ, ಊರೂರು ಎದ್ದು ನಿಲ್ಲುತ್ತದೆ ಎಂದರು. ನನಗೂ ಮೈ ಜುಮ್ಮೆಂದಿತು. ಪೇಪರಿನ ತಲೆಬರಹ ಕೂಡ ನಾನು ಮನಸ್ಸಿನಲ್ಲೇ ಬರೆದುಬಿಟ್ಟೆ. ಕಾಕಾ ಪೆನ್ನು ತೆಗೆದು ಎರಡು ಸಾಲು ಬರೆದೂ ಆಗಿತ್ತು.

ಅವಳು ಕೈ ಅಡ್ಡ ಮಾಡಿದಳು.

"ಕಾಕಾ, ಅವರು ನನಗ ಕಡಿಮಿ ಮಾರ್ಕ ಕೊಟ್ಟಾರ, ಕೊಡ್ಲಿ. ಕೊಡೂದು ಅವರ ಕೆಲಸ. ಆ ಕಡಿಮಿ ಮಾರ್ಕನ್ನೂ ಹಿಡದು ಕೂಡಿಸಿದ್ರ ನನ್ನ ಹೆಸರು ಪಟ್ಟಿಯೊಳಗ ಬರತೈತಿ. ನನ್ನ ಜಗಳ ಕೊಟ್ಟ ಮಾರ್ಕಿಂದಲ್ಲ. ತೂಕಾ ಆದ ಮ್ಯಾಲೆ ತಂದಿಟ್ಟ ಕಲ್ಲಿಂದು."

ನಿನ್ನನ್ನು ನೋಡಿ ನಕ್ಕರಲ್ಲ ಎಂದು ನಾನು ರೇಗಿದೆ. ನಕ್ಕದ್ದಕ್ಕೆ ಕೋರ್ಟು ಏನು ಮಾಡಬೇಕು ಎಂದು ನನ್ನನ್ನೇ ಕೇಳಿದಳು. ತಾನು ಹೇಗೆ ಮಾತಾಡಿದೆ, ಅವರಿಗೆ ಹೇಗೆ ಕೇಳಿಸಿತು ಎಂಬುದಕ್ಕೆ ಸಾಕ್ಷಿಯಿಲ್ಲ. ಮೊದಲು ಹೇಳದ ನಿಯಮವನ್ನು ಆಮೇಲೆ ತಂದರು ಎಂಬುದಕ್ಕೆ ಅವರದೇ ಜಾಹೀರಾತು ಸಾಕ್ಷಿ. ಒಂದು ತಕ್ಕಡಿಯಲ್ಲಿ ಎರಡು ಸರಕು ಹಾಕಬೇಡಿ ಎಂದಳು. ಕಾಕಾ ಕನ್ನಡಕ ತೆಗೆದು ಒರೆಸಿದರು, ಬರೆದ ಹಾಳೆ ಹರಿದರು, ಹೊಸ ಹಾಳೆ ತೆಗೆದುಕೊಂಡರು. ನಾನು ಸಿಟ್ಟಿನಿಂದ ಕೆಲವು ದಿನ ಅವಳ ಜೊತೆ ಮಾತು ಬಿಟ್ಟೆ. ನನ್ನ ತಲೆಬರಹ ಹಾಳಾಗಿತ್ತಲ್ಲ.

ಕೇಸು ಬೆಂಗಳೂರಿನಲ್ಲಿ ನಡೆಯಿತು. ಸರಕಾರಿ ನೌಕರಿಯ ತಕರಾರು ಕೇಳುವ ನ್ಯಾಯಮಂಡಳಿ ಆಗ ಇದ್ದದ್ದು ಅಲ್ಲಿಯೇ. ಧಾರವಾಡಕ್ಕೆ ಬಸ್ಸು, ಅಲ್ಲಿಂದ ರೈಲು, ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ತಾರೀಖು ಮುಂದಕ್ಕೆ ಹೋಯಿತು ಎಂದು ಕೇಳಿಕೊಂಡು ತಿರುಗಿ ಬರುವುದು, ಮರುದಿನ ಮೊದಲ ತಾಸಿಗೆ ಪಾಠಕ್ಕೆ ಹಾಜರು. ಮೊದಲು ಇವಳ ಹಾಗೆಯೇ ಕೈಬಿಡಲ್ಪಟ್ಟ ಇನ್ನೂ ಕೆಲವರು ಜೊತೆಗಿದ್ದರು. ಒಬ್ಬರಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಒಬ್ಬರಿಗೆ ಬೇಸರವಾಯಿತು, ಒಬ್ಬರಿಗೆ ಮನೆಯವರು ಬೇಡವೆಂದರು. ಇವಳೊಬ್ಬಳೇ ಉಳಿದಳು.

ಉಳಿದದ್ದಕ್ಕೆ ಬೆಲೆಯೂ ಇತ್ತು. ವರ್ಷಗಳು ಉರುಳಿ ಬೇರೆ ಯಾವ ಹುದ್ದೆಗೂ ಅರ್ಜಿ ಹಾಕುವ ವಯಸ್ಸು ದಾಟಿತು. ಸವದತ್ತಿ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು, ಹುಡುಗಿ ಸರಕಾರದ ಮೇಲೆ ಕೇಸು ಹಾಕಿದ್ದಾಳಂತೆ ಎಂದು ಗೊತ್ತಾಗಿ ಅವರು ಹಿಂದೆ ಸರಿದರು. ಶಾಲೆಯಲ್ಲಿ ಅವಳ ಕೆಲಸ ಹಂಗಾಮಿಯಾಗಿಯೇ ಉಳಿದಿತ್ತು. ಈ ಕೇಸು ಸೋತರೆ ಅವಳ ಕೈಯಲ್ಲಿ ಉಳಿಯುವುದು ಒಂದು ಸೀಮೆಸುಣ್ಣದ ತುಂಡು, ಅದೂ ಶಾಲೆಯವರು ಬೇಡ ಎನ್ನುವ ತನಕ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನಾವಿಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ನ್ಯಾಯಮಂಡಳಿಯಲ್ಲಿ ಅವಳು ಸೋತಳು. ಯೋಗ್ಯತೆಯ ಮಟ್ಟ ನಿಗದಿ ಮಾಡುವುದು ಆಯ್ಕೆ ಮಂಡಳಿಯ ಅಧಿಕಾರ, ಮೊದಲು ಬೇಡ ಎನ್ನದೆ ಸಂದರ್ಶನಕ್ಕೆ ಹೋಗಿ ಬಂದು ಫಲಿತಾಂಶ ಬಂದ ಮೇಲೆ ತಕರಾರು ತೆಗೆಯುವಂತಿಲ್ಲ ಎಂದು ತೀರ್ಪಾಯಿತು.

ಆ ವಾರ ನಾವು ಮಕ್ಕಳನ್ನು ಕರೆದುಕೊಂಡು ನವಿಲುತೀರ್ಥಕ್ಕೆ ಹೋಗುವುದಿತ್ತು. ಅವಳು ಬರಲಾರಳು ಎಂದುಕೊಂಡಿದ್ದೆ. ಬಂದಳು. ಮಕ್ಕಳಿಗೆ ಅಣೆಕಟ್ಟು ತೋರಿಸಿದಳು, ನೀರಿನ ಒತ್ತಡದ ಪಾಠ ಮಾಡಿದಳು, ಅವರನ್ನೆಲ್ಲ ಊಟಕ್ಕೆ ಕೂಡಿಸಿದಳು. ಆಮೇಲೆ ನನ್ನ ಪಕ್ಕ ಬಂದು ಕೂತು ರೊಟ್ಟಿ ಬಿಚ್ಚಿದಳು, ತಿನ್ನಲಿಲ್ಲ. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ. ಸಾಕು ಬಿಡವಾ, ಎಷ್ಟಂತ ಗುದ್ದಾಡತಿ ಎಂದು ನಾನು ಅಂದುಬಿಟ್ಟೆ.

"ಇಂಟರ್‌ವ್ಯೂ ಮುಗದ ಮ್ಯಾಲೆ ಆ ಕಲ್ಲ ಇಟ್ಟಾರ ಅಕ್ಕಾ. ಕಾಣಲಾರದ ಕಲ್ಲಿಗೆ ನಾ ಮೊದಲ ಹೆಂಗ ಬ್ಯಾಡ ಅನ್ನಲಿ? ಇದೊಂದು ಮಾತಿಗೆ ಅವರು ಉತ್ತರಾನ ಕೊಟ್ಟಿಲ್ಲ," ಎಂದಳು. ಕಣ್ಣೊರೆಸಿಕೊಂಡಳು, ರೊಟ್ಟಿ ಮುರಿದಳು, ಮೇಲಿನ ಕೋರ್ಟಿಗೆ ಹೋಗುತ್ತೇನೆ ಎಂದಳು.

ಹೈಕೋರ್ಟಿನಲ್ಲಿ ಕೊನೆಯ ವಿಚಾರಣೆಯ ದಿನ ನಾನೂ ಜೊತೆಗೆ ಹೋದೆ. ಕಾಕಾ ಬಂದಿದ್ದರು, ವಾದ ಮಾಡುತ್ತಿದ್ದವರು ಬೆಂಗಳೂರಿನ ಒಬ್ಬ ವಕೀಲರು. ಮಂಡಳಿಯ ಪರ ವಕೀಲರ ಮೇಜಿನ ಮೇಲೆ ದಪ್ಪ ದಪ್ಪ ಪುಸ್ತಕಗಳು, ಎಲ್ಲಕ್ಕೂ ಗುರುತಿನ ಚೀಟಿ ಸಿಗಿಸಿದ್ದರು. ಇಂಗ್ಲಿಷಿನಲ್ಲಿ ನಡೆದ ಮಾತನ್ನು ಕಾಕಾ ನಮಗೆ ಕಿವಿಯಲ್ಲಿ ಹೇಳುತ್ತಿದ್ದರು. ಸಂದರ್ಶನದಲ್ಲಿ ಯಾರಿಗೆ ಎಷ್ಟು ಕೊಟ್ಟರು ಎಂಬುದರಲ್ಲಿ ಕೋರ್ಟುಗಳು ಕೈ ಹಾಕಬಾರದು ಎಂದು ಮಂಡಳಿಯ ವಕೀಲರು ಒಂದಾದ ಮೇಲೊಂದು ಪುಸ್ತಕ ತೆಗೆದು ಓದುತ್ತಿದ್ದರು. ನ್ಯಾಯಮೂರ್ತಿಗಳು ನಮ್ಮ ವಕೀಲರತ್ತ ತಿರುಗಿ, ನಿಮ್ಮ ಕಕ್ಷಿದಾರರಿಗೆ ಅಂಕ ಕಡಿಮೆ ಕೊಟ್ಟದ್ದು ಅನ್ಯಾಯ ಎನ್ನುತ್ತೀರಾ ಎಂದು ಕೇಳಿದರು. ಇಲ್ಲ, ಆ ಅಂಕಗಳನ್ನು ಅವರು ಒಪ್ಪಿಕೊಳ್ಳುತ್ತಾರೆ, ಅವನ್ನೇ ಕೂಡಿಸಿ ಎನ್ನುತ್ತಾರೆ ಎಂದು ನಮ್ಮವರು ಹೇಳಿದರು. ಆ ಕಡೆಯ ವಕೀಲರು ಓದುವುದನ್ನು ನಿಲ್ಲಿಸಿದರು. ಅಷ್ಟೂ ಪುಸ್ತಕ ಯಾರೂ ಮಾಡದ ತಕರಾರಿಗೆ ತಂದದ್ದಾಗಿತ್ತು. ಕಾಕಾ ನನ್ನ ಮೊಣಕೈ ಹಿಂಡಿದರು. ನೋವಾಯಿತು, ಆದರೆ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಆಮೇಲೆ ನ್ಯಾಯಮೂರ್ತಿಗಳು ಅವಳು ಬಂದಿದ್ದಾಳೆಯೇ ಎಂದು ಕೇಳಿದರು. ಅವಳು ಎದ್ದು ನಿಂತಳು. ಕನಿಷ್ಠ ಅಂಕದ ವಿಷಯ ಮೊದಲೇ ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ ಎಂದು ಕನ್ನಡದಲ್ಲೇ ಕೇಳಿದರು. ದೇವರೇ, ಇವಳು ಈಗ 'ತಗೋರಿ' ಎನ್ನದಿರಲಿ ಎಂದು ಸವದತ್ತಿಯ ಎಲ್ಲಮ್ಮನಿಗೆ ಬೇಡಿಕೊಂಡೆ.

"ಹೇಳಿದ್ರ ಅದಕ್ಕೂ ತಯಾರಿ ಮಾಡತಿದ್ದೆರಿ. ಆಗಂಗಿಲ್ಲ ಅನ್ನಿಸಿದ್ರ ಅರ್ಜಿನ ಹಾಕತಿರಲಿಲ್ರಿ. ಎರಡೂ ನನ್ನ ಕೈಯಾಗಿದ್ದವು. ಆಮ್ಯಾಲೆ ಹೇಳಿದ್ದಕ್ಕ ಎರಡೂ ಹೋದವು."

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಹೊರಗೆ ಬಂದ ಮೇಲೆ ಅವಳು ನನಗೆ, ನಾಲಿಗೆ ಕಚ್ಚಿ ಹಿಡಿದಿದ್ದೆ ತಗೋ ಅಕ್ಕಾ ಎಂದಳು.

ತೀರ್ಪು ಅವಳ ಕಡೆಗಾಯಿತು. ಜಾಹೀರಾತಿನಲ್ಲಿ ಇಲ್ಲದ ಕನಿಷ್ಠ ಅಂಕವನ್ನು ಸಂದರ್ಶನ ಮುಗಿದ ಮೇಲೆ ತರುವಂತಿಲ್ಲ, ಮೊದಲು ಹೇಳಿದಂತೆ ಎರಡನ್ನೂ ಕೂಡಿಸಿ ನೋಡಿ, ಆ ಲೆಕ್ಕದಲ್ಲಿ ಇವಳು ಬಂದರೆ ಕೆಲಸ ಕೊಡಿ ಎಂದು. ಲೆಕ್ಕದಲ್ಲಿ ಇವಳು ಬಂದೇ ಬಂದಳು. ಬೈಲಹೊಂಗಲದ ವಕೀಲರ ಕೋಣೆಯಲ್ಲಿ ಕಾಕಾ ಇದನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳುತ್ತ ತಿರುಗಿದರಂತೆ, ಸರಕು ತೂಗಿದ ಮೇಲೆ ಕಲ್ಲು ಬದಲಿಸಬಾರದು ಎಂದು. ಆ ಮಾತು ಇವಳದು ಎಂದು ಅವರು ಹೇಳುತ್ತಿದ್ದರೋ ಇಲ್ಲವೋ, ನಾನಂತೂ ಸಿಕ್ಕವರಿಗೆಲ್ಲ ಹೇಳಿದೆ. ನನಗೇ ಆ ಕೆಲಸ ಸಿಕ್ಕಿದ್ದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಇಲಾಖೆಯಲ್ಲಿ ಮೊದಮೊದಲು ಅವಳನ್ನು ಕೋರ್ಟಿನಿಂದ ಬಂದವಳು ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅವಳು ಅದನ್ನು ಮುಂದಿನಿಂದಲೇ ಒಪ್ಪಿಕೊಂಡಳು. ಹೊಸಬರು ಯಾರಾದರೂ ಸಿಕ್ಕರೆ, ನಾನು ಕೋರ್ಟಿನಿಂದ ಬಂದವಳು ಎಂದು ತಾನೇ ಪರಿಚಯ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಅವರಿಗೂ ಆ ಆಟದಲ್ಲಿ ರುಚಿ ಉಳಿಯಲಿಲ್ಲ.

ಅವಳನ್ನು ಸವದತ್ತಿಗೆ ಹಾಕಿದ್ದರು. ಎಲ್ಲಮ್ಮನ ಗುಡಿಯ ದಾರಿಯಲ್ಲಿ, ಉಗರಗೋಳದ ಕಡೆಯ ತೆಂಗಿನಕಾಯಿ, ಕುಂಕುಮ, ಭಂಡಾರವೆನ್ನುವ ಅರಿಷಿಣಪುಡಿಯ ಅಂಗಡಿಗಳೆಲ್ಲ ಅವಳ ಹದ್ದಿಗೆ ಬಂದವು. ಭಂಡಾರ ತೂಗುವವರು ಖಾಲಿ ತಕ್ಕಡಿ ಎತ್ತಿ ತೋರಿಸುವುದನ್ನು ಕಲಿತರು. ಸ್ವಲ್ಪ ಕಾಲದ ನಂತರ ರಾಮದುರ್ಗದಲ್ಲಿ ಜಾಗ ಖಾಲಿಯಾಗಿ, ಅಲ್ಲಿಯ ಕೆಲಸವನ್ನೂ ಕೆಲವು ತಿಂಗಳ ಮಟ್ಟಿಗೆ ಇವಳಿಗೇ ವಹಿಸಿದರು. ತನ್ನೂರು ಅದು, ಬೇರೆಯವರಿಗೆ ಕೊಡಿ ಎಂದು ಬರೆದು ಕೇಳಿದ್ದಳಂತೆ. ಬೇರೆ ಯಾರೂ ಇರಲಿಲ್ಲ.

ನನಗೆ ಶಾಲೆಯ ಸೂಟಿ. ಅವಳ ಜೊತೆ ಒಂದು ದಿನ ಕಳೆಯೋಣ ಎಂದು ರಾಮದುರ್ಗಕ್ಕೆ ಹೋಗಿದ್ದೆ. ಅವತ್ತೇ ಅವಳು ಪೇಟೆಯ ಸಾಲು ಅಂಗಡಿಗಳ ತಪಾಸಣೆ ಇಟ್ಟುಕೊಂಡಿದ್ದಳು. ಇಲಾಖೆಯ ಅಸಲು ಕಲ್ಲುಗಳ ಪೆಟ್ಟಿಗೆ ಹಿಡಿದು ಸಿಪಾಯಿ ಹಿಂದೆ, ಅವನ ಹಿಂದೆ ನಾನು. ಆ ಸಾಲಿನ ನಡುವಿಗೇ ಅವಳ ಅಪ್ಪನ ಅಂಗಡಿ. ಇವಳು ಅದನ್ನು ದಾಟಿ ಹೋಗುತ್ತಾಳೋ ಒಳಗೆ ಹೋಗುತ್ತಾಳೋ ಎಂದು ಇಡೀ ಪೇಟೆ ಕೆಲಸ ಬಿಟ್ಟು ನೋಡುತ್ತಿತ್ತು. ಎದುರಿನ ಬಟ್ಟೆ ಅಂಗಡಿಯವರಂತೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಿದ್ದರು. ಅವಳು ಪಕ್ಕದ ಅಂಗಡಿ ಮುಗಿಸಿದಳು, ಸಾಲು ತಪ್ಪಿಸದೆ ಅಪ್ಪನ ಅಂಗಡಿಯ ಮೆಟ್ಟಿಲು ಹತ್ತಿದಳು.

ಅಪ್ಪ ಗಾದಿಯ ಮೇಲೆ ಕೂತಿದ್ದರು. ಬಿಳಿ ಟೋಪಿ, ಹಣೆಗೆ ವಿಭೂತಿ. ಮಗಳನ್ನು ನೋಡಿ ಅವರು ಖಾಲಿ ತಕ್ಕಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತೋರಿಸಿದರು. ಎರಡೂ ತಟ್ಟೆ ಸರಿಯಾಗಿ ನಿಂತವು. ನನಗೆ ಅಲ್ಲೇ ಕಣ್ಣು ತುಂಬಿತು. ಇವಳು ಒಂದು ತಟ್ಟೆಯಲ್ಲಿ ಇಲಾಖೆಯ ಕಲ್ಲು, ಇನ್ನೊಂದರಲ್ಲಿ ಅಪ್ಪನ ಕಲ್ಲು ಇಡುತ್ತ ಹೋದಳು. ಎರಡು ಕಿಲೋದ್ದು ಸರಿ. ಒಂದು ಕಿಲೋದ್ದು ಸರಿ. ಅರ್ಧ ಕಿಲೋದ ಕಲ್ಲು ಇಟ್ಟಾಗ ಅಪ್ಪನ ಕಡೆಯ ತಟ್ಟೆ ಮೇಲೆದ್ದಿತು. ಕಲ್ಲನ್ನು ಬೋರಲು ಮಾಡಿ ನೋಡಿದಳು. ತೂಕ ಸರಿದೂಗಿಸಲು ಅಡಿಯ ತೂತಿನಲ್ಲಿ ತುಂಬಿದ್ದ ಸೀಸ ಉದುರಿಹೋಗಿತ್ತು. ಖಾಲಿ ತಕ್ಕಡಿ ಎಷ್ಟು ಎತ್ತಿ ತೋರಿಸಿದರೂ ಅದು ಕಾಣುವಂಥದ್ದಲ್ಲ.

ಜೀವಮಾನವಿಡೀ ನೆಟ್ಟಗೆ ತೂಗಿದ ಮನುಷ್ಯ. ಅವರ ಮುಖ ಸಣ್ಣದಾಯಿತು. ಎದುರಿನ ಮೆಟ್ಟಿಲ ಮೇಲೆ ನಿಂತವರತ್ತ ಒಮ್ಮೆ ನೋಡಿ, ಬರೀ ಮಗಳಿಗೆ ಕೇಳುವ ಹಾಗೆ ಮೆಲ್ಲಗೆ ಮಾತಾಡಿದರು.

"ಸೀಸ ಯಾವಾಗ ಉದುರೇತೋ ಗೊತ್ತಾಗಿಲ್ಲವಾ. ಮಂದಿ ನೋಡಾಕ ಹತ್ಯಾರ. ಇವತ್ತೊಂದಿನ ಬಿಡು, ಸಂಜಿಕೆ ಬದಲ ಮಾಡತೇನಿ."

ಅವಳು ತುಸು ಹೊತ್ತು ಆ ಕಲ್ಲನ್ನು ಅಂಗೈಯಲ್ಲಿ ಹಿಡಿದು ನಿಂತಳು. ಮನೆಯಲ್ಲಿ ಅವಳು ಅಪ್ಪನಿಗೆ ನೀ ಎನ್ನುವವಳು, ಊಟಕ್ಕೆ ಬಾರೋ ಅಪ್ಪಾ ಎಂದು ಕೂಗುವವಳು.

"ಅದರಾಗೇನೈತಿ, ತಗೋರಿ," ಎಂದಳು. ಈ ಸಲ ನಡುವೆ ಯಾರೂ ನಗಲಿಲ್ಲ, ಮಾತು ಪೂರ್ತಿಯಾಯಿತು. "ಕಲ್ಲ ಜಪ್ತ ಮಾಡತೇನಿ. ಹೊಸಾ ಕಲ್ಲಿಗೆ ಮುದ್ರಿ ಬೀಳೂತನಕ ಅರ್ಧ ಕಿಲೋ ತೂಗಬ್ಯಾಡ್ರಿ."

ಮಗಳ ಬಾಯಲ್ಲಿ ಆ 'ರಿ' ಕೇಳಿ ಅಪ್ಪ ತಲೆಯೆತ್ತಿದರು. ಟೋಪಿ ಸರಿಮಾಡಿಕೊಂಡರು. ಗಿರಾಕಿ ಬಂದರೂ, ಊರಿನ ಗೌಡರು ಬಂದರೂ ಗಾದಿ ಬಿಟ್ಟು ಏಳದ ಆ ಮುದುಕರು ಮೊಣಕಾಲಿಗೆ ಕೈಯೂರಿ ಎದ್ದು ನಿಂತರು. ಮೆಟ್ಟಿಲ ಮೇಲಿನವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು.

"ಆತು ತಗೋರಿ, ಸಾಹೇಬ್ರ."